ಪ್ರಯಾಣದ ಕಾರಣ ಮಾರಾಟಕ್ಕಿದೆ

ಪಾಲ್ಮೀರಾ ಊರಿನ ಫೋನ್ ಗ್ರೂಪುಗಳಿಗೆ ಜಾಹೀರಾತು ಕಳಿಸಿಯಾಗಿತ್ತು, ಕ್ರೂಸೆಸ್‌ನವರಿಗೂ ಆಗಿತ್ತು. ರೋದಾಸ್‌ನವರಿಗೆ ಒತ್ತಬೇಕೆಂದಿದ್ದ ಹೆಬ್ಬೆರಳು ಗಾಳಿಯಲ್ಲೇ ನಿಂತುಬಿಟ್ಟಿತು. ಲೆಯಾನಿ ತಾರಸಿಯ ನೀರಿನ ಟ್ಯಾಂಕಿನ ನೆರಳಿಗೆ ಸರಿದು, ಚಿತ್ರವನ್ನು ಎರಡು ಬೆರಳಿನಿಂದ ಹಿಗ್ಗಿಸಿ ನೋಡಿದಳು. ಫ್ಯಾನು. ಅದರ ರೆಕ್ಕೆಗಳ ಮೇಲೆ ಕನ್ನಡಿಯಲ್ಲಿ ಕಂಡಂತೆ ತಿರುವುಮುರುವಾದ ಅಕ್ಷರಗಳು.

ಆ ಫ್ಯಾನಿನ ಗಾಳಿಯಲ್ಲೇ ಅವಳು ಅವತ್ತು ಬೆಳಿಗ್ಗೆ ಕಣ್ಣು ಬಿಟ್ಟಿದ್ದಳು.

ಕಳಿಸುವ ಮುಂಚೆ ಚಿತ್ರ ನೋಡುವ ಅಭ್ಯಾಸ ಅವಳಿಗಿರಲಿಲ್ಲ. ನೋಡುತ್ತ ಕೂತರೆ ಹೊಟ್ಟೆ ತುಂಬುವುದಿಲ್ಲ. ಸಾಂತಾ ಕ್ಲಾರಾದ ದಲ್ಲಾಳಿ ಎವೆಲಿಯೊ ದಿನಾ ಬೆಳಿಗ್ಗೆ ಒಂದು ಕಂತೆ ಜಾಹೀರಾತು ಕಳಿಸುತ್ತಾನೆ: ಕೋಳಿ ತೊಡೆಯ ಪೆಟ್ಟಿಗೆ, ಹಳೇ ಬೈಕು, ಮಕ್ಕಳ ಡಯಾಪರು, ಮತ್ತೆ ಈಚೆಗೆ ತಪ್ಪದೆ ಬರುವ 'ಪ್ರಯಾಣದ ಕಾರಣ ಎಲ್ಲವೂ ಮಾರಾಟಕ್ಕಿದೆ'. ಲೆಯಾನಿ ಕಮಿಷನ್ನಿನ ಆಸೆಗೆ ಅದರ ಕೆಳಗೆ ತನ್ನ ನಂಬರು ಹಾಕಿ, ಕರೆಂಟು ಹೋಗಿ ಅದರ ಹಿಂದೆಯೇ ಸಿಗ್ನಲ್ಲೂ ಸಾಯುವುದರೊಳಗೆ, ಪ್ರಾಂತ್ಯದ ಅಷ್ಟೂ ಗ್ರೂಪುಗಳಿಗೆ ಎರಚುತ್ತಾಳೆ. ಒಂದೇ ಸಂದೇಶವನ್ನು ಒಂದೇ ಥರ ಕಳಿಸಿದರೆ ನಂಬರನ್ನು ಮುಚ್ಚಿಬಿಡುತ್ತಾರೆ. ಅದಕ್ಕೇ ಒಂದು ಕಡೆ ಕೆಂಪು ಹೃದಯ, ಇನ್ನೊಂದು ಕಡೆ ಸೂರ್ಯಕಾಂತಿ, ಮತ್ತೊಂದು ಕಡೆ ವಿಮಾನ. ಔಷಧಿ ಹುಡುಕುವವರ ಗ್ರೂಪು, ಚರ್ಚಿನವರ ಗ್ರೂಪು, ಶಾಲೆಯ ತಾಯಂದಿರ ಗ್ರೂಪು, ಎಲ್ಲ ಕಡೆಯೂ ನುಗ್ಗುತ್ತಾಳೆ. ಜನ ಬಯ್ಯುತ್ತಾರೆ, ಹೊರಗೆ ಹಾಕುತ್ತಾರೆ. ಇನ್ನೊಂದು ನಂಬರಿನಿಂದ ಮತ್ತೆ ಒಳಗೆ ಬರುತ್ತಾಳೆ. ಪಕ್ಕದ ಮನೆಯ ಮುದುಕಿ ಒಬ್ದುಲಿಯಾ ಅವಳಿಗೆ ಇಟ್ಟ ಹೆಸರು ಸೊಳ್ಳೆ.

"ಏ ಸೊಳ್ಳೆ! ನನ್ನ ಮೊಮ್ಮಗಳ ಫೋಟೋ ಕೆಳಗೆ ಕಮೋಡ್ ಮಾರಾಟಕ್ಕೆ ಹಾಕಿದೀಯಲ್ಲೇ. ಸೊಳ್ಳೆಗೆ ಹೊಗೆ ಹೊಡೆಯೋರು ಬರ್ಲಿ, ಮೊದಲು ನಿನ್ನ ಮನೆ ತೋರಿಸ್ತೀನಿ."

"ಕಮೋಡ್ ಹೋಯ್ತು ಅಜ್ಜಿ. ನಿಮ್ಮ ಗ್ರೂಪಿನವರೇ ತಗೊಂಡ್ರು."

ಚಿತ್ರದಲ್ಲಿ ಫ್ಯಾನಿನ ಹಿಂದೆ ಒಂದು ಹಾಸಿಗೆ ಬಟ್ಟೆ ಕಟ್ಟಿತ್ತು. ಊರು ಬಿಡುವವರೆಲ್ಲ ಹೀಗೆಯೇ ಕಟ್ಟುತ್ತಾರೆ. ಗೋಡೆಯ ಬಣ್ಣ, ನೆಲದ ಹಂಚು ಕಂಡರೆ ಯಾರ ಮನೆಯೆಂದು ನೆರೆಯವರು ಹೇಳಿಬಿಡುತ್ತಾರೆ. ಹಳದಿ ಹೂವಿನ ಬಟ್ಟೆ. ಲೆಯಾನಿ ತಲೆ ಎತ್ತಿದಳು. ಅದೇ ಹಳದಿ ಹೂವುಗಳು ತಾರಸಿಯ ತಂತಿಯ ಮೇಲೆ, ಅವಳ ಮೂಗಿನ ಮುಂದೆ, ಒಣಗುತ್ತ ಅಲ್ಲಾಡುತ್ತಿದ್ದವು.

ಫ್ರಿಜ್ಜು. ಎರಡು ತೂಗುಕುರ್ಚಿ. ಹೊಲಿಗೆ ಮಿಷಿನು. ಫ್ಯಾನು. ಒಂದು ಮಂಚ. ಹಸ್ತಾಂತರ ಇಪ್ಪತ್ತೆರಡನೇ ತಾರೀಕು ಬೆಳಿಗ್ಗೆ.

ಮನೆಯಲ್ಲಿದ್ದದ್ದು ಎರಡು ಮಂಚ. ಚಿತ್ರದಲ್ಲಿದ್ದದ್ದು ತಲೆಯ ಕಡೆ ಕೆತ್ತನೆ ಇದ್ದದ್ದು, ಅಕ್ಕನದು. ಅಡುಗೆ ಒಲೆಯೂ ಇರಲಿಲ್ಲ, ಊಟದ ಮೇಜೂ ಇರಲಿಲ್ಲ. ತನ್ನ ಪಾಲಿಗೆ ಏನು ಉಳಿಯಲಿದೆ ಎನ್ನುವುದು ಲೆಯಾನಿಗೆ ತಿಳಿದದ್ದು ಹೀಗೆ.

ಅವಳು ಎವೆಲಿಯೊಗೆ ಧ್ವನಿ ಸಂದೇಶ ಕಳಿಸಿದಳು. "ಆ ಹಳದಿ ಹೂವಿನದು ಯಾರದ್ದು?"

"ಅದೆಲ್ಲ ಕೇಳ್ಬಾರ್ದು ಚಿನ್ನ," ಎಂದಿತು ಅವನ ಧ್ವನಿ, ಹಿಂದೆ ಎಲ್ಲೋ ಹುಂಜ ಕೂಗುತ್ತಿತ್ತು. "ನನಗೂ ಗೊತ್ತಿಲ್ಲ. ಹವಾನಾದ ನನ್ನ ಕಸಿನ್ ಕಡೆಯಿಂದ ಬಂದಿದ್ದು. ಯಾರೋ ಹೆಂಗಸು. ನಮ್ಮೂರ ಕಡೆ ಹಾಕ್ಬೇಡಿ, ದೂರದ ಗ್ರೂಪುಗಳಿಗೆ ಮಾತ್ರ ಹಾಕಿ ಅಂದಿದ್ಳಂತೆ. ದೂರ ಅಂದ್ರೆ ಏನು? ಅಲ್ಲಿಂದ ಇಲ್ಲಿಗೆ ದೂರ, ಇಲ್ಲಿಂದ ನಿನ್ನ ಹತ್ರ ದೂರ. ನೀನು ಹೊಡಿ, ಸೊಳ್ಳೆ ರಾಣಿ."

ಹಾಗೆ ದೂರ ದೂರ ಸುತ್ತಿ ಅದು ಹೊರಟಲ್ಲಿಗೇ ಬಂದಿತ್ತು.

ಫ್ಯಾನನ್ನು ಮಾಡಿದ್ದು ಅಕ್ಕ ನೆರೈದಾ. ಅಮ್ಮ ತೀರಿಕೊಂಡ ವರ್ಷದ ಬೇಸಿಗೆ, ನಾಲ್ಕು ವರ್ಷದ ಲೆಯಾನಿಗೆ ಮೈತುಂಬ ಬೆವರುಸಾಲೆ ಎದ್ದು ಅವಳು ಹಗಲೂ ರಾತ್ರಿ ಚೀರುತ್ತಿದ್ದಾಗ, ಹತ್ತೊಂಬತ್ತರ ಅಕ್ಕ ಮನೆಯ ರಷ್ಯನ್ ವಾಷಿಂಗ್ ಮಿಷಿನ್ನಿನ ಹೊಟ್ಟೆ ಬಿಚ್ಚಿ ಮೋಟರು ತೆಗೆದಿದ್ದಳು. ಅಚ್ಚುಕೂಟದವರು ಬಿಸಾಡಿದ ಅಲ್ಯೂಮಿನಿಯಂ ತಗಡನ್ನು ಕತ್ತರಿಸಿ ರೆಕ್ಕೆ ಮಾಡಿದ್ದಳು. ಯಾವುದೋ ದಿನದ ಪತ್ರಿಕೆಯ ಸುದ್ದಿ ಅದರ ಮೇಲೆ ತಿರುವುಮುರುವಾಗಿ ಉಳಿದಿತ್ತು. ಅಡಿಗೆ ಮುರಿದ ಶಾಲಾಬೆಂಚಿನ ಹಲಗೆ. ಅವತ್ತಿನಿಂದ ಬಟ್ಟೆಯನ್ನೆಲ್ಲ ಕೈಯಲ್ಲೇ ಒಗೆದಳು. ಒಗೆದು ಒಗೆದು ಕೊನೆಗೆ ಅದೇ ಕೆಲಸವಾಗಿ, ಕೊಲ್ಲಿಯ ದಂಡೆಯ ಹೋಟೆಲಿನ ಲಾಂಡ್ರಿ ಸೇರಿದಳು. ಲೆಯಾನಿ ಅವಳನ್ನು ಅಕ್ಕ ಎಂದು ಕರೆದರೂ, ಶಾಲೆಯಲ್ಲಿ 'ಅಮ್ಮನ ಚಿತ್ರ ಬರೆಯಿರಿ' ಎಂದಾಗ ಬರೆದದ್ದು ಅವಳನ್ನೇ.

ತಾಯಿ ಒಬ್ಬಳೇ, ತಂದೆಯರು ಬೇರೆ. ಬಹಳ ವರ್ಷ ಅದರಿಂದ ಏನೂ ವ್ಯತ್ಯಾಸವಾಗಿರಲಿಲ್ಲ. ಆಮೇಲೆ ಸ್ಪೇನಿನವರು, ನಮ್ಮಲ್ಲಿ ಹುಟ್ಟಿ ಹೋದವರ ಮೊಮ್ಮಕ್ಕಳಿಗೆ ಪಾಸ್‌ಪೋರ್ಟು ಕೊಡುತ್ತೇವೆ ಎಂದರು. ನೆರೈದಾಳ ತಂದೆಯ ತಂದೆ ಕ್ಯಾನರಿ ದ್ವೀಪದಿಂದ ಹೊಗೆಸೊಪ್ಪು ಬೆಳೆಯಲು ಬಂದವನು. ಲೆಯಾನಿಯ ಅಜ್ಜ ಎಲ್ಲಿಂದಲೂ ಬಂದವನಲ್ಲ, ಇಲ್ಲೇ ಕಬ್ಬಿನ ಗದ್ದೆಯಲ್ಲಿ ಹುಟ್ಟಿ ಇಲ್ಲೇ ಮಣ್ಣಾದವನು. ಊರಿನ ಅರ್ಧ ಜನ ಆಗ ಅಜ್ಜಂದಿರನ್ನು ಹುಡುಕುತ್ತಿದ್ದರು.

ನಾಲ್ಕು ವರ್ಷದ ಹಿಂದೆ ದೂತಾವಾಸದಿಂದ ಮೊದಲ ಕರೆ ಬಂದಾಗ ನೆರೈದಾ ಅದನ್ನು ತಂಗಿಗೆ ಹೇಳಿದ್ದಳು. ತಂಗಿ ಸಂತೋಷಕ್ಕೆ ಒಬ್ದುಲಿಯಾಗೆ ಹೇಳಿದಳು, ಒಬ್ದುಲಿಯಾ ಬ್ರೆಡ್ಡಿನ ಸಾಲಿನಲ್ಲಿ ಹೇಳಿದಳು. ಅಜ್ಜನ ಜನನ ಪತ್ರ ಸಾಲದೆಂದು ಕಾಗದಗಳೆಲ್ಲ ವಾಪಸು ಬಂದವು. ಹೊರಡುವ ಮಾತು ಹೊರಗೆ ಬಿದ್ದರೆ ಪ್ರಯಾಣ ಮುರಿಯುತ್ತದೆ ಎನ್ನುವುದು ಇಲ್ಲಿ ಮಕ್ಕಳಿಗೂ ಗೊತ್ತು. ವಿಮಾನದ ಬಾಗಿಲು ಮುಚ್ಚುವವರೆಗೆ ತುಟಿ ಬಿಚ್ಚಬಾರದು. ನೆರೈದಾ ತಂಗಿಯನ್ನು ಬಯ್ಯಲಿಲ್ಲ. ನಕ್ಕಳು. "ನಿನ್ನ ಕಿವಿಗೆ ಬಿದ್ದಿದ್ದು ಇನ್ನೂರು ಗ್ರೂಪಿಗೆ ಬಿದ್ದ ಹಾಗೆ ಕಣೇ," ಎಂದಿದ್ದಳು. ಆಮೇಲೆ ಆ ವಿಷಯ ಎತ್ತಲಿಲ್ಲ. ಕಾಗದಗಳು ಕಸಕ್ಕೆ ಹೋದವು ಎಂದೇ ಲೆಯಾನಿ ನಂಬಿದ್ದಳು.

ಸಂಜೆ ನೆರೈದಾ ಬಂದಳು, ಮೈಯೆಲ್ಲ ಬ್ಲೀಚಿನ ವಾಸನೆ. ಕರೆಂಟಿರಲಿಲ್ಲ. ಹಿತ್ತಲಲ್ಲಿ ಇದ್ದಿಲ ಒಲೆಯ ಮೇಲೆ ಕಪ್ಪು ಬೀನ್ಸ್ ಬೇಯುತ್ತಿತ್ತು. ಇಬ್ಬರೂ ಒಲೆಯ ಪಕ್ಕ ಕುಕ್ಕರಗಾಲಲ್ಲಿ ಕೂತರು.

"ಏನಕ್ಕ ಸಮಾಚಾರ?"

"ನನ್ನದೇನು ಸಮಾಚಾರ. ಹೋಟೆಲಲ್ಲಿ ನಾಲ್ಕು ಜನ, ನಲವತ್ತು ಟವೆಲ್ಲು. ಮೈ ಒರೆಸ್ಕೋತಾರೋ, ಟವೆಲ್ ತಿಂತಾರೋ."

"ಮತ್ತೇನೂ ಇಲ್ವಾ?"

"ಮತ್ತೇನಿರುತ್ತೆ?"

ಲೆಯಾನಿ ಸೌಟು ಆಡಿಸಿದಳು. "ಇವತ್ತು ಒಂದು ಮನೆಯ ಸಾಮಾನೆಲ್ಲ ಜಾಹೀರಾತಿಗೆ ಬಂದಿತ್ತು. ತೂಗುಕುರ್ಚಿ, ಹೊಲಿಗೆ ಮಿಷಿನ್ನು. ಯಾರೋ ಹೆಂಗಸು ಹೊರಟಿದ್ದಾಳೆ."

"ದಿನಾ ಯಾರೋ ಹೊರಡ್ತಾರಲ್ಲ."

"ಮನೇಲಿ ಇನ್ನೊಬ್ರು ಇದ್ದಾರೆ ಅನ್ಸುತ್ತೆ. ಒಂದು ಮಂಚ ಬಿಟ್ಟಿದ್ದಾಳೆ."

ನೆರೈದಾ ಇದ್ದಿಲಿಗೆ ರಟ್ಟಿನಿಂದ ಗಾಳಿ ಹಾಕಿದಳು. ಕಿಡಿ ಎದ್ದವು. ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ಹಾಕಿದಳು.

"ಉಪ್ಪು ಸಾಕಾ ನೋಡು," ಎಂದಳು.

"ಸಾಕು."

"ನಾಲಿಗೆಗೆ ಹಾಕ್ದೇನೇ ಹೇಳ್ತೀಯ."

"ಸಾಕು ಅಂದ್ನಲ್ಲ."

ಹೇಳುತ್ತಾಳೆ, ಊಟ ಮುಗಿದ ಮೇಲೆ ಹೇಳುತ್ತಾಳೆ ಎಂದು ಲೆಯಾನಿ ಕಾದಳು. ಊಟ ಮುಗಿಯಿತು. ಅಕ್ಕ ತಟ್ಟೆ ತೊಳೆದಳು, ಕೂದಲು ಬಾಚಿದಳು, ಒಬ್ದುಲಿಯಾಳ ಬೆಕ್ಕಿಗೆ ಬೈದಳು. ಹೋಗುವುದು ಬೇರೆ ಮಾತು. ಇಲ್ಲಿ ಯಾರು ಹೋಗುವುದಿಲ್ಲ? ಅಕ್ಕ ತನ್ನ ಬಾಯಿಂದ ಹೇಳಬೇಕು, ಅಷ್ಟೇ. ಪಾಲ್ಮೀರಾದಲ್ಲಿ ಕೋಳಿ ತೊಡೆ ಹುಡುಕುವವರಿಗೆ ಗೊತ್ತಾದ ರೀತಿಯಲ್ಲಿ ತನಗೂ ಗೊತ್ತಾಗಬಾರದಿತ್ತು.

ಮಾರನೆಯ ದಿನ ಫೋನು ಬಡಿದುಕೊಳ್ಳತೊಡಗಿತು.

"ಫ್ಯಾನಿದೆಯಾ?"

"ಹೋಯ್ತು."

"ಫ್ರಿಜ್ಜು?"

"ಹೋಯ್ತು."

"ನಿನ್ನೆ ತಾನೇ ಹಾಕಿದ್ರಿ!"

"ನಿನ್ನೆನೇ ಹೋಯ್ತು."

"ತೂಗುಕುರ್ಚಿ ಒಂದಾದ್ರೂ..."

"ಎಲ್ಲಾ ಹೋಯ್ತು ಅಂದೆ. ಕಿವಿ ಮಾರ್ಕೊಂಡಿದೀರಾ?"

ಬಂದವರನ್ನೆಲ್ಲ ಹೀಗೇ ಅಟ್ಟಿದಳು. ರೋದಾಸ್‌ಗೆ ಕಳಿಸಲೇ ಇಲ್ಲ, ಕಳಿಸಿದ್ದನ್ನು ಅಳಿಸಿದಳು. ಸಾಮಾನು ಹೋಗದಿದ್ದರೆ ಟಿಕೆಟ್ಟಿಲ್ಲ. ಆ ಮಾತನ್ನು ಅವಳು ಮನಸ್ಸಿನಲ್ಲಿ ಪೂರ್ತಿ ಆಡಲಿಲ್ಲ. ಬೇರೆಯವರ ಕಮೋಡುಗಳನ್ನೂ ಡಯಾಪರುಗಳನ್ನೂ ಮಾತ್ರ ಎಂದಿನಂತೆ ಎರಚಿದಳು, ಬೈಸಿಕೊಂಡಳು.

ವಾರ ಕಳೆಯುವುದರೊಳಗೆ ಎವೆಲಿಯೊನ ಧ್ವನಿ ಸಂದೇಶ ಬಂತು. ಈ ಸಲ ತಮಾಷೆ ಇರಲಿಲ್ಲ.

"ಲೆಯಾನಿ, ಆ ಹಳದಿ ಹೂವಿನದರಲ್ಲಿ ಒಂದೂ ಕದಲಿಲ್ಲ ಯಾಕೆ? ಆ ಹೆಂಗಸು ನನ್ನ ಕಸಿನ್‌ಗೆ ಫೋನ್ ಮಾಡಿ ಅಳ್ತಾಳಂತೆ. ಶುಕ್ರವಾರದೊಳಗೆ ಟಿಕೆಟ್ಟಿನ ಬಾಕಿ ಕಟ್ಟದಿದ್ರೆ ಸೀಟು ಹೋಗುತ್ತಂತೆ. ಅಲ್ಲಿ ಯಾವುದೋ ಮುದುಕಿಯನ್ನ ನೋಡ್ಕೊಳ್ಳೋ ಕೆಲಸ ಸಿಕ್ಕಿದೆಯಂತೆ, ಅದೂ ಹೋಗುತ್ತಂತೆ. ನಿನ್ನ ಕೈಲಿ ಆಗಲ್ಲ ಅಂದ್ರೆ ಹೇಳು, ಇಲ್ಲಿ ಬೇರೆ ಹುಡುಗಿಗೆ ಕೊಡ್ತೀನಿ."

"ನಾಳೆವರೆಗೆ ಇರು," ಎಂದಷ್ಟೇ ಲೆಯಾನಿ ಉತ್ತರಿಸಿದಳು. ನಾಳೆ ಏನು ಮಾಡಬೇಕೆಂದು ಅವಳಿಗೆ ಗೊತ್ತಿರಲಿಲ್ಲ.

ಮಧ್ಯಾಹ್ನ ತಾರಸಿಯಿಂದ ಇಳಿದು ಬರುವಾಗ ಬಚ್ಚಲಿನ ಬಾಗಿಲು ಹಾಕಿತ್ತು. ಒಳಗೆ ಅಕ್ಕ ಸ್ನಾನ ಮಾಡುತ್ತಿದ್ದಳು. ಚೊಂಬಿನಿಂದ ನೀರು ಸುರಿಯುವ ಸದ್ದು, ನಡುವೆ ಮಾತು. ಯಾರೊಂದಿಗೆ? ಲೆಯಾನಿ ಮೆಟ್ಟಿಲ ಮೇಲೇ ನಿಂತಳು.

"ನಿದ್ದೆ ಬಂತಾ ಅಮ್ಮಾ?" ನೀರು. "ಕಾಲು ಒತ್ಲಾ? ಇಲ್ಲ ಇಲ್ಲ, ನನಗೇನೂ ಕಷ್ಟ ಇಲ್ಲ." ನೀರು. ಆಮೇಲೆ ಅದೇ ಮಾತು, ನಾಲಿಗೆಯನ್ನು ಹಲ್ಲಿಗೆ ತಾಗಿಸಿ, ಸ್ಪೇನಿನವರು ಆಡುವ ಹಾಗೆ, ಬಿಗಿಯಾಗಿ. ಸರಿ ಬರಲಿಲ್ಲ. ಮತ್ತೆ ಆಡಿದಳು. "ಸೂಪು ಬಿಸಿ ಇದೆ ಅಮ್ಮಾ, ಊದಿ ಕೊಡ್ತೀನಿ. ಒಂದೇ ಒಂದು ಚಮಚ. ಆಮೇಲೆ ಕೇಳಲ್ಲ. ಆಣೆ."

ಒಂದೇ ಒಂದು ಚಮಚ, ಆಮೇಲೆ ಕೇಳಲ್ಲ, ಆಣೆ. ಮೈಯೆಲ್ಲ ಬೆವರುಸಾಲೆಯ ಬೇಸಿಗೆಯಲ್ಲಿ, ಆಮೇಲಿನ ಎಲ್ಲ ಜ್ವರಗಳಲ್ಲಿ, ಅಕ್ಕ ತನಗೆ ಹೇಳುತ್ತಿದ್ದದ್ದು. ಆಣೆಯನ್ನು ಅವಳು ಒಂದು ಸಲವೂ ಉಳಿಸಿಕೊಂಡಿರಲಿಲ್ಲ. ಯಾವಾಗಲೂ ಇನ್ನೊಂದು ಚಮಚ ಇರುತ್ತಿತ್ತು. ಈಗ ಆ ಮಾತನ್ನು ಗೊತ್ತಿಲ್ಲದ ಮುದುಕಿಯೊಬ್ಬಳಿಗಾಗಿ, ಬಚ್ಚಲ ಗೋಡೆಯ ಮುಂದೆ ಬಾಯಿಪಾಠ ಮಾಡುತ್ತಿದ್ದಳು. ನಲವತ್ತೈದನೆಯ ವಯಸ್ಸಿನಲ್ಲಿ, ಪರೀಕ್ಷೆಗೆ ಓದುವವಳ ಹಾಗೆ.

ಲೆಯಾನಿ ಸದ್ದಾಗದಂತೆ ಮತ್ತೆ ಮೆಟ್ಟಿಲು ಹತ್ತಿದಳು.

ಜಾಹೀರಾತಿಗೆ ಒಂದು ಭಾಷೆ ಇದೆ. 'ಉತ್ತಮ ಸ್ಥಿತಿಯಲ್ಲಿದೆ. ಬೇಗ ಬನ್ನಿ. ಚೌಕಾಸಿ ಇಲ್ಲ.' ಅವಳು ಅದನ್ನೆಲ್ಲ ಒರೆಸಿ ಹಾಕಿ, ಟ್ಯಾಂಕಿಗೆ ಬೆನ್ನು ಕೊಟ್ಟು ಕೂತು, ಬರೆದಳು.

'ಫ್ಯಾನು. ಹುಡುಗಿಯೊಬ್ಬಳು ತನ್ನ ತಂಗಿಗಾಗಿ ಮಾಡಿದ್ದು. ಜೋರಾಗಿ ಇಟ್ಟರೆ ನೆಲದ ಮೇಲೆ ನಡೆದುಕೊಂಡು ಹೋಗುತ್ತದೆ, ಮುಂದೆ ಒಂದು ಇಟ್ಟಿಗೆ ಇಡಿ. ಸದ್ದು ಮಾಡುತ್ತದೆ. ಆ ಸದ್ದಿಗೆ ಒಗ್ಗಿಕೊಂಡ ಮಕ್ಕಳಿಗೆ ಅದಿಲ್ಲದೆ ನಿದ್ದೆ ಬರುವುದಿಲ್ಲ. ಹೊಲಿಗೆ ಮಿಷಿನು. ಒಂದೇ ಅಂಗಿಯನ್ನು ಮೂರು ವರ್ಷ ದೊಡ್ಡದು ಮಾಡುತ್ತ ಬರಬಲ್ಲದು. ತೂಗುಕುರ್ಚಿಗಳು ಎರಡು. ಬೇರೆ ಬೇರೆ ಮಾಡಬೇಡಿ. ಫ್ರಿಜ್ಜಿನ ಬಾಗಿಲನ್ನು ಮೊಣಕಾಲಿನಿಂದ ತಳ್ಳಬೇಕು. ಮಂಚದ ಬಲಗಡೆ ತಗ್ಗಾಗಿದೆ. ಎಡಗಡೆ ಯಾವಾಗಲೂ ಯಾರೋ ಬಂದು ಮಲಗುತ್ತಿದ್ದರು, ಅವರಿಗೆ ಜಾಗ ಬಿಟ್ಟು ಬಿಟ್ಟು ಹಾಗಾಗಿದೆ. ಪ್ರಯಾಣದ ಕಾರಣ ಮಾರಾಟಕ್ಕಿದೆ.'

ಹೃದಯ ಹಾಕಲಿಲ್ಲ, ಸೂರ್ಯಕಾಂತಿ ಹಾಕಲಿಲ್ಲ. ಒತ್ತಿದಳು. ಪಾಲ್ಮೀರಾ, ಕ್ರೂಸೆಸ್, ರೋದಾಸ್, ಚರ್ಚು, ತಾಯಂದಿರು, ಔಷಧಿಯವರು, ಎಲ್ಲರಿಗೂ. ಎರಡು ನಂಬರುಗಳು ಅವತ್ತೇ ಮುಚ್ಚಿಹೋದವು. ಆದರೆ ಆ ಜಾಹೀರಾತನ್ನು ಆಗಲೇ ಯಾರ್‍ಯಾರೋ ಎತ್ತಿಕೊಂಡು, ಅವಳು ಕಾಲಿಡದ ಗ್ರೂಪುಗಳಿಗೆ ಒಯ್ದಿದ್ದರು. ಎಂದೂ ಇಲ್ಲದ್ದು, ಒಬ್ಬರೂ ಬಯ್ಯಲಿಲ್ಲ. ಒಬ್ಬ ಹೆಂಗಸು ಬರೆದಳು: 'ನನಗೆ ಏನೂ ಕೊಳ್ಳಬೇಕಾಗಿಲ್ಲ. ನನ್ನ ಮಗ ಉರುಗ್ವೆಯಲ್ಲಿದ್ದಾನೆ. ಸುಮ್ಮನೆ ಓದಿದೆ.'

ಗುರುವಾರದೊಳಗೆ ಎಲ್ಲದಕ್ಕೂ ಗಿರಾಕಿ ಸಿಕ್ಕರು. ಪಾಲ್ಮೀರಾದ ಹೊಸ ಜೋಡಿಯೊಂದು ಫ್ಯಾನನ್ನೂ ಮಂಚವನ್ನೂ ಹಿಡಿದು, ಮುಂಗಡವನ್ನು ಎವೆಲಿಯೊಗೆ ಕಳಿಸಿತು. "ಏನು ಮಂತ್ರ ಹಾಕ್ದೆ ಮಾರಾಯ್ತಿ?" ಎಂದು ಅವನು ಕೂಗಿಕೊಂಡ. "ಇನ್ಮೇಲೆ ಕೋಳಿ ತೊಡೆಗೂ ಹೀಗೇ ಬರಿ!"

ಆ ಸಂಜೆ ನೆರೈದಾ ಹಾಡು ಗುನುಗುತ್ತ ಬಂದಳು. ಎಲ್ಲಿಂದಲೋ ಸ್ವಲ್ಪ ಹಂದಿಮಾಂಸ ತಂದಿದ್ದಳು. ಹುರಿದಳು, ದೊಡ್ಡ ಹೋಳುಗಳನ್ನು ತಂಗಿಯ ತಟ್ಟೆಗೆ ದೂಡಿದಳು. ಏನೂ ಹೇಳಲಿಲ್ಲ. ಮಾರನೆಯ ದಿನವೂ ಹೇಳಲಿಲ್ಲ. ಒಂದು ಸಲ ಮಾತ್ರ, ಲೆಯಾನಿ ತಲೆ ತೊಳೆದು ಬಂದಾಗ, ಟವೆಲ್ ಕಸಿದುಕೊಂಡು ತಾನೇ ಒರೆಸಿದಳು, ತುಂಬ ಹೊತ್ತು, ಕೂದಲು ಒಣಗಿದ ಮೇಲೂ. ಈಗ ಹೇಳುತ್ತಾಳೆ ಎಂದು ಲೆಯಾನಿ ಟವೆಲ್ಲಿನ ಒಳಗೆ ಕಣ್ಣು ಮುಚ್ಚಿ ಕಾದಳು. "ತಲೇಲಿ ಸೀರು ಆಗಿದೆ," ಎಂದಳು ಅಕ್ಕ.

ಇಪ್ಪತ್ತೆರಡನೇ ತಾರೀಕು ಬೆಳಿಗ್ಗೆ ಲೆಯಾನಿ ಎದ್ದಾಗ ಮನೆ ಕಾಫಿಯ ವಾಸನೆಯಿಂದ ತುಂಬಿತ್ತು. ನೆರೈದಾ ತುಟಿಗೆ ಬಣ್ಣ ಹಚ್ಚಿ, ಹೊಸ ಶೂ ಹಾಕಿಕೊಂಡು, ಮೇಜಿನ ಮುಂದೆ ಕೂತಿದ್ದಳು.

"ಕೂತ್ಕೋ ಲೆಯಾ. ಒಂದು ಮಾತು ಹೇಳ್ಬೇಕು."

ಲೆಯಾನಿ ಕೂತಳು. ಅಷ್ಟರಲ್ಲಿ ಬಾಗಿಲು ತಳ್ಳಿಕೊಂಡು ಒಬ್ದುಲಿಯಾ ಬಂದಳು, ಏದುಸಿರು ಬಿಡುತ್ತ, ನೀಲಿ ಸೂಟ್‌ಕೇಸನ್ನು ಎಳೆಯುತ್ತ. ಲೆಯಾನಿಯನ್ನು ನೋಡಿ ನಿಂತಳು.

"ಇನ್ನೂ ಹೇಳಿಲ್ವೇನೇ?" ಎಂದಳು ನೆರೈದಾಗೆ, ಮೆಲ್ಲಗೆ. ಸೂಟ್‌ಕೇಸನ್ನು ಅಲ್ಲೇ ಬಿಟ್ಟು ಹಿಂದೆ ಹಿಂದೆ ಸರಿದು ಹೋದಳು.

ಲೆಯಾನಿ ಸೂಟ್‌ಕೇಸನ್ನೇ ನೋಡಿದಳು. "ಒಬ್ದುಲಿಯಾಗೆ ಹೇಳಿದೀಯ."

"ಇದನ್ನ ಇಡೋಕೆ ಜಾಗ ಬೇಕಿತ್ತು ಕಣೇ."

"ಬ್ರೆಡ್ಡಿನ ಸಾಲಲ್ಲಿ ಸಾರಿ ಬಂದ ಒಬ್ದುಲಿಯಾಗೆ."

"ಆಣೆ ಹಾಕಿಸ್ಕೊಂಡಿದ್ದೆ."

"ನನ್ ಹತ್ರ ಹಾಕಿಸ್ಕೋಬಹುದಿತ್ತು."

ನೆರೈದಾ ಕಾಫಿ ಬಟ್ಟಲನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. "ನಿನಗೆ ಗೊತ್ತಿತ್ತು. ಅವತ್ತು ಒಲೆ ಮುಂದೆ ಕೂತಾಗ್ಲೇ ನನಗೆ ಅನುಮಾನ ಬಂತು. ಆಮೇಲೆ ಜಾಹೀರಾತಲ್ಲಿ ಆ ಮಂಚದ ಮಾತು ಬಂತು. ಹೋಟೆಲಿನ ಹುಡುಗೀರು ನನಗೇ ಓದಿ ಹೇಳಿದ್ರು, ಲಾಂಡ್ರಿಯಲ್ಲಿ, ಗಟ್ಟಿಯಾಗಿ. ನಾನು ಮಿಷಿನ್ನಿನ ಹಿಂದೆ ಹೋಗಿ ನಿಂತ್ಕೊಂಡೆ."

"ಅವತ್ತೇ ಬಂದು ಹೇಳ್ಬಹುದಿತ್ತಲ್ಲ."

"ಹೇಳಿದ್ರೆ ಮುರಿಯುತ್ತೆ ಲೆಯಾ. ವಿಮಾನ ಹತ್ತೋವರೆಗೂ..."

"ನಾನು ನಿನ್ನ ತಂಗಿ. ಗ್ರೂಪಲ್ಲ."

ಬೀದಿಯಲ್ಲಿ ಕಾರು ನಿಂತ ಸದ್ದಾಯಿತು, ಹಳೇ ಎಂಜಿನ್ನಿನ ಕೆಮ್ಮು. ಚಾಲಕ ಒಂದು ಸಲ ಹಾರನ್ ಒತ್ತಿ, ಒಳಗಿನದನ್ನು ಊಹಿಸಿದವನಂತೆ ಎರಡನೆಯ ಸಲ ಒತ್ತಲಿಲ್ಲ.

"ಮುರಿಯುತ್ತೆ, ದೃಷ್ಟಿ ಪಷ್ಟಿ, ಅದೆಲ್ಲ ಸುಳ್ಳು," ಎಂದಳು ನೆರೈದಾ. ತುಟಿಯ ಬಣ್ಣ ಬಟ್ಟಲ ಅಂಚಿಗೆ ಹತ್ತಿತ್ತು. "ಒಬ್ದುಲಿಯಾ ಅಳಲ್ಲ. ನೀನು ಅಳ್ತೀಯ. ನೀನು ಅತ್ರೆ ನಾನು ಹೋಗ್ತಿರ್ಲಿಲ್ಲ. ಅಷ್ಟೇ ಕಣೇ ವಿಷಯ. ಅಷ್ಟೇ. ಇಪ್ಪತ್ತಾರು ವರ್ಷ ನೀನು ಅತ್ತಾಗಲೆಲ್ಲ ನಾನು ಕೈಲಿರೋದನ್ನ ಕೆಳಗಿಟ್ಟಿದೀನಿ."

ಲೆಯಾನಿ ಅಳುತ್ತಿರಲಿಲ್ಲ. ಅವಳ ಮುಖ ನೆನೆಸಿಟ್ಟು ಹಿಂಡಿದ ಬಟ್ಟೆಯಂತೆ ಬಿಗಿದುಕೊಂಡಿತ್ತು.

ನೆರೈದಾ ಎದ್ದಳು. ಸೂಟ್‌ಕೇಸಿನ ಹಿಡಿ ಹಿಡಿದಳು, ಬಿಟ್ಟಳು, ಮೇಜು ಸುತ್ತಿಕೊಂಡು ಬಂದು ತಂಗಿಯ ಮುಂದೆ ನಿಂತಳು.

"ಕಾರಲ್ಲಿ ನಿನಗೂ ಒಂದು ಸೀಟು ಹೇಳಿದೀನಿ. ಹವಾನಾವರೆಗೂ. ವಾಪಸು ಬರೋಕೂ ಅವನಿಗೇ ಹೇಳಿದೀನಿ. ಸಾಮಾನು ಒಯ್ಯೋರು ಬಂದ್ರೆ ಒಬ್ದುಲಿಯಾ ನೋಡ್ಕೋತಾಳೆ. ದಾರಿಯುದ್ದಕ್ಕೂ ಎಲ್ಲಾ ಹೇಳ್ತೀನಿ, ಆ ಮುದುಕಿ ಹೆಸರು, ಮನೆ ಎಲ್ಲಿ, ನಿನ್ನನ್ನ ಕರೆಸ್ಕೊಳ್ಳೋ ಕಾಗದಕ್ಕೆ ಏನ್ಮಾಡ್ಬೇಕು, ಎಲ್ಲಾ. ವಿಮಾನ ನಿಲ್ದಾಣದಲ್ಲಿ ಗಾಜಿನ ಗೋಡೆವರೆಗೂ ಜೊತೇಲಿ ಇರಬಹುದು. ಹೀಗೇ ಎದ್ದು ಬಾ, ಚಪ್ಪಲಿ ಹಾಕ್ಕೊಂಡು. ಬರ್ತೀಯಲ್ಲ?"

"ಬರಲ್ಲ," ಎಂದಳು ಲೆಯಾನಿ.